ಕಾರ್ಬ್ಯುರೇಟರ್ ಮಾರುತಿಗೆ ಎಂಪಿಎಫ್‌ಐ: ಕೈಹಾಕುವ ಮುನ್ನ ತಿಳಿದಿರಬೇಕಾದ ಸಂಗತಿಗಳು

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800 ಕಾರಿನ 796 ಸಿಸಿ, ಮೂರು ಸಿಲಿಂಡರ್ ಎಂಜಿನ್‌ಗೆ ದಶಕಕ್ಕೂ ಹೆಚ್ಚು ಕಾಲ ಇಂಧನ ಉಣಿಸಿದ್ದು ಕಾರ್ಬ್ಯುರೇಟರ್. ಯೂರೋ-2 ಮಾನದಂಡವು 2000ದ ಏಪ್ರಿಲ್‌ನಿಂದ ದೆಹಲಿ ರಾಜಧಾನಿ ವಲಯದಲ್ಲಿ ಕಡ್ಡಾಯವಾದ ಹೊತ್ತಿಗೆ ಎಂಪಿಎಫ್‌ಐ, ಅಂದರೆ ಎಲೆಕ್ಟ್ರಾನಿಕ್ ಇಂಧನ ಇಂಜೆಕ್ಷನ್ ವ್ಯವಸ್ಥೆ, ಈ ಕಾರಿಗೂ ಬಂತು. 2014ರಲ್ಲಿ ತಯಾರಿಕೆ ನಿಂತಿದ್ದರೂ ಹಳೆಯ ಕಾರನ್ನು ಜತನದಿಂದ ಇರಿಸಿಕೊಂಡವರು ಇದ್ದಾರೆ.

ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ದೇಶದೆಲ್ಲೆಡೆ ಬಳಕೆಗೆ ಬಂದ ಮೇಲೆ ಇಂಥವರಿಗೆ ಹೊಸ ಚಿಂತೆ ಶುರುವಾಗಿದೆ. ಎಥನಾಲ್‌ನಲ್ಲಿಯೇ ಆಮ್ಲಜನಕವಿರುವುದರಿಂದ ಅದೇ ಪ್ರಮಾಣದ ಗಾಳಿಗೆ ಹೆಚ್ಚು ಇಂಧನ ಬೇಕಾಗುತ್ತದೆ. ಕಾರ್ಬ್ಯುರೇಟರ್‌ನ ಹಿತ್ತಾಳೆಯ ಜೆಟ್‌ಗೆ ಇರುವುದು ಒಂದೇ ಅಳತೆಯ ರಂಧ್ರ. ಅದಕ್ಕೆ ಈ ಬದಲಾವಣೆ ತಿಳಿಯದು. ಮಿಶ್ರಣ ತೆಳುವಾಗಿ ಎಂಜಿನ್ ಮುಗ್ಗರಿಸುತ್ತದೆ. ಇಂಜೆಕ್ಷನ್ ವ್ಯವಸ್ಥೆಯಲ್ಲಾದರೋ ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್ ಇದನ್ನು ಗುರುತಿಸುತ್ತದೆ; ಇಸಿಯು ಎಂಬ ಗಣಕ ಪೆಟ್ಟಿಗೆ, ತನ್ನ ಮಿತಿಯೊಳಗೆ, ಇಂಜೆಕ್ಟರ್ ತೆರೆದಿರುವ ಅವಧಿಯನ್ನು ಹೆಚ್ಚಿಸುತ್ತದೆ.

ಪರಿವರ್ತನೆಯಲ್ಲಿ ಅತ್ಯಂತ ಎಚ್ಚರ ಬೇಕಾಗಿರುವುದು ಇಸಿಯು ವಿಷಯದಲ್ಲಲ್ಲ, ಪೆಟ್ರೋಲ್ ಪೈಪಿನ ವಿಷಯದಲ್ಲಿ. ಹಳೆಯ ಯಾಂತ್ರಿಕ ಪಂಪು ನೀಡುವ ಒತ್ತಡ ಅರ್ಧ ಬಾರ್‌ಗೂ ಕಡಿಮೆ. ಇಂಜೆಕ್ಟರ್‌ಗೆ ಸಾಮಾನ್ಯವಾಗಿ ಸುಮಾರು 3 ಬಾರ್ ಬೇಕು. ಇದಕ್ಕಾಗಿ ವಿದ್ಯುತ್ ಪಂಪು ಹಾಕಿ, ಹಳೆಯ ರಬ್ಬರ್ ಪೈಪು, ಸಾದಾ ಕ್ಲಿಪ್ಪುಗಳನ್ನೇ ಉಳಿಸಿಕೊಂಡರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸಿಡಿದು ಬೆಂಕಿ ಹೊತ್ತಿಕೊಳ್ಳಬಹುದು. ಇಂಜೆಕ್ಷನ್ ದರ್ಜೆಯ, ಎಥನಾಲ್ ತಾಳುವ ಪೈಪನ್ನೇ ಬಳಸಬೇಕು. ಎಂಜಿನ್ ನಿಂತೊಡನೆ ಪಂಪು ತಾನಾಗಿ ನಿಲ್ಲುವಂತೆ ರಿಲೇಯನ್ನು ಇಸಿಯು ಮೂಲಕವೇ ಜೋಡಿಸಬೇಕು. ನೇರವಾಗಿ ಇಗ್ನಿಷನ್ ಸ್ವಿಚ್ಚಿಗೆ ತಂತಿ ಎಳೆಯುವ ಸುಲಭದ ದಾರಿ ಅಪಾಯಕಾರಿ. ಅಪಘಾತದಲ್ಲಿ ಪೈಪು ಹರಿದರೂ ಪಂಪು ಓಡುತ್ತಲೇ ಇರುತ್ತದೆ.

ಬಿಡಿಭಾಗಗಳಿಗೆ ಗುಜರಿಯೇ ಗತಿ. ಮ್ಯಾನಿಫೋಲ್ಡ್, ಥ್ರಾಟಲ್ ಬಾಡಿ, ಇಂಜೆಕ್ಟರ್, ಸೆನ್ಸರ್, ವೈರಿಂಗ್, ಇಸಿಯು, ಟ್ಯಾಂಕಿನ ಪಂಪು ಇವೆಲ್ಲವನ್ನೂ ಒಂದೇ ಕಾರಿನಿಂದ ಕಳಚಿ ತರುವುದು ಲೇಸು. ಎಂಪಿಎಫ್‌ಐ ಎಂಜಿನ್‌ಗಳಲ್ಲೂ 6 ವಾಲ್ವ್, 12 ವಾಲ್ವ್ ಎಂಬ ಎರಡು ಬಗೆಗಳಿದ್ದು, ಒಂದರ ಇಸಿಯು ಇನ್ನೊಂದಕ್ಕೆ ಹೊಂದದು. ಇಸಿಯುಗೆ ಇಮ್ಮೊಬಿಲೈಸರ್ ಜೋಡಣೆಯಿದ್ದರೆ ಅದರ ಕೀಲಿಯೂ ಜೊತೆಗೆ ಬರಬೇಕು. ಮೆಗಾಸ್ಕ್ವರ್ಟ್, ಸ್ಪೀಡುಇನೋ ಮುಂತಾದ, ನಾವೇ ಹೊಂದಿಸಿಕೊಳ್ಳಬಹುದಾದ ಇಸಿಯುಗಳೂ ಉಂಟು. ಆದರೆ ಅವಕ್ಕೆ ಇಂಧನದ ಕೋಷ್ಟಕ ಸಿದ್ಧಪಡಿಸಬಲ್ಲ ಪರಿಣತರು ಬೇಕು.

ಇನ್ನು ಕಾನೂನು. ನೋಂದಣಿ ಪತ್ರದಲ್ಲಿನ ವಿವರಗಳಿಗೆ ವ್ಯತ್ಯಾಸ ಬರುವಂಥ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಇಡೀ ಎಂಜಿನ್ ಬದಲಿಸಿದರೆ ಎಂಜಿನ್ ಸಂಖ್ಯೆಯೇ ಬದಲಾಗುವುದರಿಂದ ಆರ್‌ಟಿಓ ಅನುಮತಿ ಅನಿವಾರ್ಯ. ಭಾಗಗಳನ್ನಷ್ಟೇ ಬದಲಿಸುವವರೂ ಮೊದಲೇ ಕಚೇರಿಗೆ ಲಿಖಿತವಾಗಿ ತಿಳಿಸಿ ಉತ್ತರ ಪಡೆಯುವುದು ಕ್ಷೇಮ. 15 ವರ್ಷ ದಾಟಿದ ಖಾಸಗಿ ಕಾರು ನೋಂದಣಿ ನವೀಕರಣಕ್ಕೆ ತಪಾಸಣೆಗೆ ಹೋಗಲೇಬೇಕಷ್ಟೆ.

ಕಾರು ಬೆಳಗಿನ ಹೊತ್ತು ಚಾಲೂ ಆಗಲು ಸತಾಯಿಸುತ್ತದೆ ಎಂಬುದಷ್ಟೇ ದೂರಾಗಿದ್ದರೆ ಇಷ್ಟೆಲ್ಲ ಖರ್ಚು ಬೇಡ. ಕಾರ್ಬ್ಯುರೇಟರ್ ಬಿಚ್ಚಿ ತೊಳೆಸಿ, ಡಯಾಫ್ರಂ ಹಾಗೂ ಪೈಪುಗಳನ್ನು ಬದಲಿಸಿ, ಜೆಟ್ ಒಂದು ಅಳತೆ ಹಿಗ್ಗಿಸಿ ನೋಡುವುದು ಮೊದಲ ಹೆಜ್ಜೆ. ಅನೇಕ ಕಾರುಗಳಿಗೆ ಅಷ್ಟೇ ಸಾಕಾಗುತ್ತದೆ.