ಹಳೆಯ ಬರ್ಬನ್ ಸೀಸೆಗಳ ಕಾಲನಿರ್ಣಯ: ಒಂದು ಪ್ರಮಾಣ ವಿಚಾರ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಹರಾಜು ಸಂಸ್ಥೆಯು 2021ರ ಜೂನ್ ತಿಂಗಳಲ್ಲಿ ಒಂದೇ ಒಂದು ವಿಸ್ಕಿ ಸೀಸೆಯನ್ನು 1,37,500 ಡಾಲರುಗಳಿಗೆ ಮಾರಿತು. ಅದರ ಮುಂಭಾಗದ ಚೀಟಿಯಲ್ಲಿ ‘ಓಲ್ಡ್ ಇಂಗಲ್‌ಡ್ಯೂ’ ಎಂಬ ಹೆಸರೂ, ಜಾರ್ಜಿಯಾ ರಾಜ್ಯದ ಲಾಗ್ರೇಂಜ್ ಎಂಬ ಊರಿನ ಇವಾನ್ಸ್ ಮತ್ತು ರಾಗ್ಲೆಂಡ್ ಎಂಬ ವರ್ತಕರ ಹೆಸರೂ ಇದ್ದವು. ಹಿಂಭಾಗದಲ್ಲಿದ್ದ ಇನ್ನೊಂದು ಚೀಟಿಯು, ಈ ಬರ್ಬನ್ ಪ್ರಾಯಶಃ 1865ಕ್ಕೆ ಮುಂಚೆ ತಯಾರಾದುದೆಂದೂ, ಪ್ರಸಿದ್ಧ ಧನಿಕ ಜಾನ್ ಪಿಯರ್‌ಪಾಂಟ್ ಮೋರ್ಗನ್ನನ ನೆಲಮಾಳಿಗೆಯಲ್ಲಿದ್ದು ಆತನ ಮರಣಾನಂತರ ಹೊರಬಂದುದೆಂದೂ ತಿಳಿಸುತ್ತಿತ್ತು. ಮೋರ್ಗನ್ನನು ತೀರಿಕೊಂಡದ್ದು 1913ರಲ್ಲಿ. ಹರಾಜಿಗೆ ಮುನ್ನ ಬಿರಡೆಯ ಮೂಲಕ ಸೂಜಿಯನ್ನು ಇಳಿಸಿ ಸ್ವಲ್ಪ ದ್ರವವನ್ನು ಹೊರತೆಗೆದು, ಜಾರ್ಜಿಯಾ ವಿಶ್ವವಿದ್ಯಾನಿಲಯದಲ್ಲಿ ಇಂಗಾಲ-14ರ ಪರೀಕ್ಷೆಗೆ ಒಳಪಡಿಸಲಾಯಿತು. ಒಳಗಿನ ಮದ್ಯವು 18ನೆಯ ಶತಮಾನದ ಉತ್ತರಾರ್ಧ ಮತ್ತು 19ನೆಯ ಶತಮಾನದ ಆದಿಭಾಗಗಳ ನಡುವಣ ಕಾಲದ್ದಾಗಿರುವ ಸಂಭವವೇ ಹೆಚ್ಚೆಂದು ಫಲಿತಾಂಶ ಬಂದಿತು.

ಇಷ್ಟಾದ ಮೇಲೆ ಸಂದೇಹಕ್ಕೆ ಎಡೆಯೆಲ್ಲಿ ಎಂದು ವಾಚಕರು ಕೇಳಬಹುದು. ಚರಿತ್ರೆಯ ವಿದ್ಯಾರ್ಥಿಗೆ ಸಂದೇಹ ಆರಂಭವಾಗುವುದು ಇಲ್ಲಿಯೇ. ಇವಾನ್ಸ್ ಮತ್ತು ರಾಗ್ಲೆಂಡರ ವ್ಯಾಪಾರವು ಅಂತರ್ಯುದ್ಧ ಮುಗಿದ ನಂತರದ್ದು. ಹಾಗಾದರೆ ಮದ್ಯಕ್ಕೂ ಚೀಟಿಗೂ ನಡುವೆ ಅರ್ಧ ಶತಮಾನಕ್ಕಿಂತ ಹೆಚ್ಚಿನ ಅಂತರವಿದೆ. ಅಷ್ಟು ಕಾಲ ಅದು ಯಾವ ಪಾತ್ರೆಯಲ್ಲಿತ್ತು? ಇಂಗಾಲ-14 ಸೂಚಿಸುವುದು ಧಾನ್ಯ ಬೆಳೆದ ಕಾಲವನ್ನು. ಸೀಸೆಗೆ ತುಂಬಿದ ಕಾಲವನ್ನಲ್ಲ. ಮೇಲಾಗಿ, ಕೆಂಟಕಿಯು ಪ್ರತ್ಯೇಕ ರಾಜ್ಯವಾದದ್ದು 1792ರಲ್ಲಿ; ವಿಸ್ಕಿಗೆ ‘ಬರ್ಬನ್’ ಎಂಬ ಹೆಸರು ಮುದ್ರಿತ ಜಾಹೀರಾತಿನಲ್ಲಿ ಕಾಣಿಸಿಕೊಳ್ಳುವುದು 1821ರಲ್ಲಿ. ಪರೀಕ್ಷೆಯ ಫಲಿತಾಂಶವನ್ನು ನಂಬಿದಷ್ಟೂ ಆ ಸೀಸೆಯಲ್ಲಿರುವುದನ್ನು ಬರ್ಬನ್ ಎಂದು ಕರೆಯುವುದು ಕಷ್ಟವಾಗುತ್ತದೆ. ಸೀಸೆಯೊಂದು ಸತ್ಯವಾಗಿರಬಹುದು, ಚೀಟಿಯೂ ಸತ್ಯವಾಗಿರಬಹುದು, ಮದ್ಯವೂ ಪ್ರಾಚೀನವಾಗಿರಬಹುದು. ಆದರೂ ಮೂರೂ ಸೇರಿ ಹೇಳುವ ಕಥೆ ಸಿದ್ಧವಾಗದೆ ಉಳಿಯಬಹುದು.

ಮದ್ಯದ ವಿಷಯವು ಚರಿತ್ರೆಯ ಪತ್ರಿಕೆಗೆ ತಕ್ಕುದೇ ಎಂದು ಮೂಗು ಮುರಿಯುವವರು ಇರಬಹುದು. ನಮ್ಮ ಕುತೂಹಲವಿರುವುದು ಪಾನದಲ್ಲಲ್ಲ, ಪ್ರಮಾಣದಲ್ಲಿ. ಸರ್ಕಾರದ ಮುದ್ರೆ, ಸುಂಕದ ಲೆಕ್ಕ, ಗಾಜಿನ ಅಚ್ಚು, ಕಾಗದ, ದ್ರವ, ಇವಿಷ್ಟೂ ಒಂದೇ ವಸ್ತುವಿನಲ್ಲಿ ಕೂಡಿಬಂದು ಪರಸ್ಪರ ಸಾಕ್ಷಿ ಹೇಳುವ ಸಂದರ್ಭಗಳು ವಿರಳ.

ಬರ್ಬನ್ ಎಂಬುದು ಮುಖ್ಯವಾಗಿ ಮುಸುಕಿನ ಜೋಳದಿಂದ ಭಟ್ಟಿಯಿಳಿಸಿ, ಒಳಮೈ ಸುಟ್ಟ ಹೊಸ ಓಕ್ ಮರದ ಪೀಪಾಯಿಗಳಲ್ಲಿ ಮಾಗಿಸಿದ ವಿಸ್ಕಿ. ಜೋಳವು ಧಾನ್ಯಮಿಶ್ರಣದಲ್ಲಿ ಶೇಕಡ 51ಕ್ಕೆ ಕಡಮೆಯಿರಕೂಡದೆಂದು ಈಗಿನ ನಿಯಮ. ಪೀಪಾಯಿಯಲ್ಲಿರುವವರೆಗೆ ಮಾತ್ರ ಅದು ಮಾಗುತ್ತದೆ. ಸೀಸೆಗೆ ಇಳಿದ ಮೇಲೆ ಅದರ ವಯಸ್ಸು ನಿಂತುಹೋಗುತ್ತದೆ. ಆದುದರಿಂದಲೇ ಸಂಗ್ರಾಹಕರಿಗೆ ಹಳೆಯ ಸೀಸೆಯ ಮೇಲೆ ಮೋಹ: ಆ ಕಾಲದ ಧಾನ್ಯ, ಆ ಕಾಲದ ಹುದುಗು, ಆ ಕಾಲದ ಮರ ಇವುಗಳ ರುಚಿ ಹೆಚ್ಚುಕಡಮೆ ಹಾಗೆಯೇ ಅದರಲ್ಲಿ ಉಳಿದಿರುತ್ತದೆಂದು ಅವರು ಭಾವಿಸುತ್ತಾರೆ. ಸೀಸೆಯನ್ನು ತೆರೆದು ಕುಡಿದರೆ ಸಾಕ್ಷ್ಯವು ನಾಶವಾಗುತ್ತದೆ. ತೆರೆಯದಿದ್ದರೆ ಸಾಕ್ಷ್ಯವು ಪರೀಕ್ಷೆಗೆ ಒಳಪಡುವುದಿಲ್ಲ. ಶಾಸನಕಲ್ಲಿಗಾಗಲಿ ತಾಳೆಗರಿಗಾಗಲಿ ಈ ಸಂಕಟವಿಲ್ಲ.

19ನೆಯ ಶತಮಾನದ ಬಹುಭಾಗದಲ್ಲಿ ವಿಸ್ಕಿಯು ಪೀಪಾಯಿಗಳಲ್ಲಿ ಮಾರಾಟವಾಗುತ್ತಿತ್ತು. ಗ್ರಾಹಕನು ತನ್ನ ಪಾತ್ರೆಯನ್ನು ತಂದು ಅಂಗಡಿಯಲ್ಲಿ ತುಂಬಿಸಿಕೊಂಡು ಹೋಗುತ್ತಿದ್ದನು. ಭಟ್ಟಿಗೂ ಅಂಗಡಿಗೂ ನಡುವೆ ‘ಶುದ್ಧೀಕಾರ’ರೆಂಬ ಮಧ್ಯವರ್ತಿಗಳಿದ್ದರು. ಹೆಸರೇನೋ ಶುದ್ಧೀಕರಣ, ಇವರಲ್ಲಿ ಅನೇಕರು ಮಾಡುತ್ತಿದ್ದುದು ನಿರ್ಗುಣವಾದ ಮದ್ಯಸಾರಕ್ಕೆ ಬಣ್ಣ, ಸಕ್ಕರೆ, ಹಣ್ಣಿನ ರಸಗಳನ್ನು ಬೆರೆಸಿ ಹಳೆಯ ವಿಸ್ಕಿಯೆಂದು ಸಾಗಿಸುವ ಕೆಲಸವನ್ನು. ಲೂಯಿವಿಲ್ ನಗರದ ಜಾರ್ಜ್ ಗಾರ್ವಿನ್ ಬ್ರೌನ್ ಎಂಬಾತನು 1870ರಲ್ಲಿ ‘ಓಲ್ಡ್ ಫಾರೆಸ್ಟರ್’ ಎಂಬ ವಿಸ್ಕಿಯನ್ನು ಮುದ್ರೆಯೊತ್ತಿದ ಸೀಸೆಗಳಲ್ಲಿ ಮಾತ್ರವೇ ಮಾರಲು ತೊಡಗಿದ್ದು ಈ ಮೋಸಕ್ಕೆ ಉತ್ತರವಾಗಿ. ಆದರೆ ಗಾಜು ದುಬಾರಿಯಾಗಿದ್ದ ಕಾಲವದು. ಸೀಸೆ ತಯಾರಿಸುವ ಸ್ವಯಂಚಾಲಿತ ಯಂತ್ರವು ಮೈಕೆಲ್ ಓವೆನ್ಸನ ಕೈಯಲ್ಲಿ ರೂಪುಗೊಂಡದ್ದು 20ನೆಯ ಶತಮಾನದ ಮೊದಲ ವರ್ಷಗಳಲ್ಲಿ. 1870ಕ್ಕೆ ಹಿಂದಿನ ಬರ್ಬನ್ ಸೀಸೆಯೆಂದು ಯಾರಾದರೂ ಹೇಳಿದರೆ ನಂಬುವುದಕ್ಕೆ ಮುಂಚೆ ಇಷ್ಟನ್ನು ನೆನಪಿಡತಕ್ಕದ್ದು.

ಫ್ರಾಂಕ್‌ಫರ್ಟ್ ಊರಿನ ಭಟ್ಟಿಯ ಒಡೆಯನಾದ ಕರ್ನಲ್ ಎಡ್ಮಂಡ್ ಹೇನ್ಸ್ ಟೇಲರ್ ಮತ್ತು ಕೆಂಟಕಿಯವನೇ ಆಗಿ ರಾಷ್ಟ್ರದ ಹಣಕಾಸಿನ ಕಾರ್ಯದರ್ಶಿಯಾಗಿದ್ದ ಜಾನ್ ಕಾರ್ಲೈಲ್ ಇವರ ಪ್ರಯತ್ನದ ಫಲವಾಗಿ 1897ರ ಮಾರ್ಚ್ 3ರಂದು ‘ಬಾಟಲ್ಡ್ ಇನ್ ಬಾಂಡ್’ ಶಾಸನವು ಜಾರಿಗೆ ಬಂದಿತು. ಒಂದೇ ಭಟ್ಟಿಯಲ್ಲಿ, ಒಂದೇ ಋತುವಿನಲ್ಲಿ ತಯಾರಾಗಿ, ಸರ್ಕಾರದ ಬೀಗದ ಕೆಳಗಿನ ಉಗ್ರಾಣದಲ್ಲಿ ಕನಿಷ್ಠ ನಾಲ್ಕು ವರ್ಷ ಮಾಗಿ, 100 ಪ್ರೂಫ್ ಅಂದರೆ ಶೇಕಡ 50ರ ಮದ್ಯಸಾರದೊಡನೆ ತುಂಬಿದ ವಿಸ್ಕಿಗೆ ಮಾತ್ರ ಈ ಗೌರವ ದೊರೆಯುತ್ತಿತ್ತು. ಬಿರಡೆಯ ಮೇಲಿಂದ ಸೀಸೆಯ ಕೊರಳಿಗೆ ಇಳಿಯುವಂತೆ ಹಸಿರು ಬಣ್ಣದ ಮುದ್ರಾಪಟ್ಟಿಯೊಂದನ್ನು ಅಂಟಿಸಲಾಗುತ್ತಿತ್ತು. ವಿಸ್ಕಿ ತಯಾರಾದ ಋತು ಯಾವುದು, ಸೀಸೆಗೆ ಇಳಿದ ಋತು ಯಾವುದು ಎಂಬ ಎರಡು ಕಾಲಸೂಚನೆಗಳು ಅದರಲ್ಲಿ ಇರುತ್ತಿದ್ದವು. ವಸಂತವೆಂದರೆ ಜನವರಿಯಿಂದ ಜೂನ್, ಶರತ್ತೆಂದರೆ ಜುಲೈಯಿಂದ ಡಿಸೆಂಬರ್. ಪಾನೀಯವೊಂದು ತನ್ನ ಜನ್ಮಪತ್ರಿಕೆಯನ್ನು ಕೊರಳಿಗೆ ಕಟ್ಟಿಕೊಂಡು ಓಡಾಡುವ ಇಂಥ ಏರ್ಪಾಡು ಚರಿತ್ರಕಾರನ ಪಾಲಿಗೆ ದೊಡ್ಡ ಉಪಕಾರ.

ಈ ಪಟ್ಟಿಯನ್ನು ಓದುವುದು ತೋರಿದಷ್ಟು ಸುಲಭವಲ್ಲ. 1920ರ ಜನವರಿಯಲ್ಲಿ ರಾಷ್ಟ್ರದಾದ್ಯಂತ ಪಾನನಿರೋಧವು ಜಾರಿಗೆ ಬಂದಿತು. 1933ರ ಡಿಸೆಂಬರ್ 5ರವರೆಗೆ ಅದು ನಡೆಯಿತು. ಈ ಅವಧಿಯಲ್ಲಿ ವೈದ್ಯರ ಚೀಟಿಯ ಮೇಲೆ ಔಷಧವೆಂದು ವಿಸ್ಕಿಯನ್ನು ಮಾರಲು ಆರು ಸಂಸ್ಥೆಗಳಿಗೆ ಪರವಾನಗಿ ದೊರೆತಿತ್ತು. ಕಳ್ಳಕಾಕರ ಭಯದಿಂದ 1922ರ ಶಾಸನವೊಂದು, ದೇಶದ ನಾನಾ ಕಡೆ ಚದುರಿದ್ದ ದಾಸ್ತಾನನ್ನು ಕೆಲವೇ ಉಗ್ರಾಣಗಳಲ್ಲಿ ಕೂಡಿಹಾಕಿಸಿತು. ಹೀಗಾಗಿ ಒಬ್ಬನ ಭಟ್ಟಿಯಲ್ಲಿ ಹುಟ್ಟಿದ ವಿಸ್ಕಿಯು ಇನ್ನೊಬ್ಬನ ಉಗ್ರಾಣದಲ್ಲಿ ಬೆಳೆದು, ಮೂರನೆಯವನ ಹೆಸರಿನಲ್ಲಿ ಸೀಸೆಗೆ ಇಳಿಯುವುದು ಸಾಮಾನ್ಯವಾಯಿತು. ಹೊಸದಾಗಿ ಭಟ್ಟಿಯಿಳಿಸಲು 1929ರವರೆಗೆ ಅನುಮತಿಯಿರಲಿಲ್ಲ. ಆದಕಾರಣ ಪಾನನಿರೋಧದ ಕೊನೆಯ ವರ್ಷಗಳ ಔಷಧ ವಿಸ್ಕಿಯು ಹನ್ನೆರಡು, ಹದಿನಾಲ್ಕು ವರ್ಷಗಳ ಕಾಲ ಪೀಪಾಯಿಯಲ್ಲಿಯೇ ಕುಳಿತದ್ದು. ಬೇರೆ ಸಂದರ್ಭದಲ್ಲಾದರೆ ಇಷ್ಟು ದೀರ್ಘವಾದ ಅಂತರವೇ ಶಂಕೆಗೆ ಕಾರಣವಾಗುತ್ತಿತ್ತು. ಏಕೆಂದರೆ ಎಂಟು ವರ್ಷ ತುಂಬಿದೊಡನೆ ಸುಂಕ ತೆರಬೇಕೆಂಬ ನಿಯಮ 1894ರಿಂದ ಇದ್ದಿತು, ಅದು ಇಪ್ಪತ್ತು ವರ್ಷಕ್ಕೆ ವಿಸ್ತರಿಸಿದ್ದು 1958ರಲ್ಲಿ. ಸುಂಕದ ಇತಿಹಾಸವನ್ನು ತಿಳಿಯದವನು ಇಲ್ಲಿ ಸಾಚಾ ಸೀಸೆಯನ್ನು ಖೋಟಾ ಎಂದೂ, ಖೋಟಾ ಸೀಸೆಯನ್ನು ಸಾಚಾ ಎಂದೂ ತೀರ್ಮಾನಿಸಬಹುದು.

ಅನಂತರದ ಕಾಲದ ಗುರುತುಗಳನ್ನು ಬೇಗನೆ ಹೇಳಿ ಮುಂದೆ ಸಾಗಬಹುದು. ಈ ಸೀಸೆಯ ಮಾರಾಟವನ್ನಾಗಲಿ ಮರುಬಳಕೆಯನ್ನಾಗಲಿ ಕೇಂದ್ರದ ಕಾಯಿದೆ ನಿಷೇಧಿಸುತ್ತದೆ ಎಂಬ ವಾಕ್ಯವು ಗಾಜಿನಲ್ಲಿಯೇ ಉಬ್ಬಿದ್ದರೆ, ಆ ಗಾಜು 1935ರಿಂದ 1964ರ ಅವಧಿಯದು. ಚೀಟಿಯ ವಿಳಾಸದಲ್ಲಿ ಅಂಚೆಯ ಜಿಪ್ ಸಂಖ್ಯೆಯಿದ್ದರೆ ಆ ಚೀಟಿ 1963ರ ಜುಲೈಗಿಂತ ಹಿಂದಿನದಾಗಲಾರದು. ಅಳತೆಯು ಮಿಲಿಲೀಟರಿನಲ್ಲಿ ಕಡ್ಡಾಯವಾದದ್ದು 1980ರ ಜನವರಿಯಿಂದ. ಮುದ್ರಾಪಟ್ಟಿಯ ಪದ್ಧತಿ 1985ರಲ್ಲಿ ನಿಂತಿತು. ಆರೋಗ್ಯದ ಎಚ್ಚರಿಕೆಯ ವಾಕ್ಯ 1989ರ ನವೆಂಬರಿನಿಂದ ಬಂದಿತು. ಇನ್ನು ಕಾಗದಕ್ಕೆ ಬಿಳುಪಿನ ಹೊಳಪು ಕೊಡುವ ರಾಸಾಯನಿಕಗಳು ರೂಢಿಗೆ ಬಂದದ್ದು ಸುಮಾರು 1950ರ ವೇಳೆಗೆ. ಪಾನನಿರೋಧ ಕಾಲದ್ದೆನ್ನುವ ಚೀಟಿಯು ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆದರೆ ಹೆಚ್ಚಿನ ವಾದ ಬೇಕಿಲ್ಲ.

ಈ ಮಾರ್ಗವು ನಮ್ಮ ವಿದ್ಯಾರ್ಥಿಗಳಿಗೆ ಹೊಸದೇನಲ್ಲ. ಡಾ. ಫ್ಲೀಟರು 1901ರಲ್ಲಿ ಕೂಟಶಾಸನಗಳ ಪಟ್ಟಿಯನ್ನು ಪ್ರಕಟಿಸಿದಾಗ ಅನುಸರಿಸಿದ ತರ್ಕವೂ ಇದೇ ಜಾತಿಯದು. ಗಂಗ ಅವಿನೀತನದೆನ್ನುವ ಮಡಿಕೇರಿಯ ತಾಮ್ರಪಟವು ತನ್ನನ್ನು 388ನೆಯ ವರ್ಷದ್ದೆಂದು ಹೇಳಿಕೊಳ್ಳುತ್ತದೆ. ಅದರ ಲಿಪಿಯು ಅಷ್ಟು ಹಿಂದಿನದಲ್ಲವೆಂಬುದು ಅವರ ಆಕ್ಷೇಪ. ಖೋಟಾಗಾರನು ಸಾಮಾನ್ಯವಾಗಿ ತಾನು ಹೇಳುವ ವಿಷಯದಲ್ಲಿ ಎಚ್ಚರವಹಿಸುತ್ತಾನೆ. ತಾನು ಹೇಳುತ್ತಿದ್ದೇನೆಂದು ತನಗೇ ತಿಳಿಯದ ವಿಷಯದಲ್ಲಿ ಸಿಕ್ಕಿಬೀಳುತ್ತಾನೆ.

ಆದರೆ ಎಲ್ಲ ಪ್ರಶ್ನೆಯೂ ಖೋಟಾತನದ್ದಲ್ಲ. ‘ಓಲ್ಡ್ ಫಿಟ್ಜೆರಾಲ್ಡ್’ ಎಂಬ ಬರ್ಬನ್ನನ್ನು ತೆಗೆದುಕೊಳ್ಳಬಹುದು. ಲೂಯಿವಿಲ್ ಬಳಿಯ ಷೈವ್ಲಿಯಲ್ಲಿ 1935ರಲ್ಲಿ ತೆರೆದ ಸ್ಟಿಟ್ಜೆಲ್–ವೆಲ್ಲರ್ ಭಟ್ಟಿಯಲ್ಲಿ ಜೂಲಿಯನ್ ವಾನ್ ವಿಂಕಲ್ ಎಂಬಾತನ ಆಡಳಿತದಲ್ಲಿ ಅದು ಖ್ಯಾತಿ ಪಡೆಯಿತು. 1972ರಲ್ಲಿ ಆ ಮನೆತನವು ಭಟ್ಟಿಯನ್ನು ಮಾರಿತು. 1992ರಲ್ಲಿ ಅಲ್ಲಿ ಭಟ್ಟಿಯಿಳಿಸುವುದು ನಿಂತಿತು. ಹೆಸರು ಮಾತ್ರ ನಿಲ್ಲಲಿಲ್ಲ. ಬೇರೊಂದು ಭಟ್ಟಿಯ ವಿಸ್ಕಿಯು ಅದೇ ಹೆಸರಿನಲ್ಲಿ ಬಂದಿತು. ಇದರಲ್ಲಿ ಯಾರ ಮೋಸವೂ ಇಲ್ಲ. ಆದರೂ ಕೊಳ್ಳುವವನಿಗೆ ಎರಡರ ನಡುವೆ ಅಜಗಜಾಂತರ. ಇವನ್ನು ಬೇರ್ಪಡಿಸುವುದು ಚೀಟಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿರುವ ಭಟ್ಟಿಯ ನೋಂದಣಿ ಸಂಖ್ಯೆ: ತಯಾರಾದ ಸ್ಥಳ ‘ಡಿ.ಎಸ್.ಪಿ.–ಕೆವೈ–16’ ಎಂದಿದ್ದರೆ ಅದು ಸ್ಟಿಟ್ಜೆಲ್–ವೆಲ್ಲರಿನದು. ಸೀಸೆ ತುಂಬಿದ ಸ್ಥಳಕ್ಕೆ ಬೇರೆ ಸಂಖ್ಯೆ ಇರಬಹುದು; ಎರಡನ್ನೂ ಕಲಸಿಕೊಳ್ಳಬಾರದು. ಸುಂಕದ ಗುಮಾಸ್ತರ ಅನುಕೂಲಕ್ಕೆಂದು ಹುಟ್ಟಿದ ಅಂಕಿಯು, ಮಾಲೀಕರು ಅಚ್ಚು ಹಾಕಿಸಿದ ಎಲ್ಲ ಪ್ರಶಂಸೆಗಿಂತಲೂ ನಂಬಲರ್ಹವಾದ ಸಾಕ್ಷಿಯಾಗಿ ಉಳಿದಿದೆ.

ಅತ್ಯಂತ ಕಠಿಣವಾದ ಪ್ರಸಂಗವು ಮರುತುಂಬಿದ ಸೀಸೆಯದು. ಇಲ್ಲಿ ಗಾಜು, ಚೀಟಿ, ಕೆಲವೊಮ್ಮೆ ಪಟ್ಟಿಯೂ ಅಸಲು. ಒಳಗಿನದು ಮಾತ್ರ ನಕಲು. ಖಾಲಿ ಸೀಸೆಗಳೇ ದೊಡ್ಡ ಬೆಲೆಗೆ ಮಾರಾಟವಾಗುವುದನ್ನು ಕಂಡರೆ ಅವನ್ನು ಕೊಳ್ಳುವವರೆಲ್ಲರೂ ಗಾಜಿನ ಸೌಂದರ್ಯಕ್ಕೆ ಮಾರುಹೋದವರೆಂದು ನಂಬಲು ನಮಗೆ ಧೈರ್ಯವಾಗುವುದಿಲ್ಲ. ಬಿರಡೆಯ ಸೀಸೆಯಲ್ಲಿ ದ್ರವವು ದಶಕಗಳಲ್ಲಿ ಆವಿಯಾಗಿ ಇಳಿಯುತ್ತದೆ. ನೂರು ವರ್ಷವಾದರೂ ಕೊರಳವರೆಗೆ ತುಂಬಿದ್ದರೆ ಅನುಮಾನಿಸಬೇಕು. ಹೊರನೋಟಕ್ಕೆ ನಿಲುಕುವುದು ಇಷ್ಟೆ.

ಉಳಿದದ್ದು ಪ್ರಯೋಗಶಾಲೆಯ ಕೆಲಸ. 1950 ಮತ್ತು 60ರ ದಶಕಗಳ ಅಣ್ವಸ್ತ್ರ ಪರೀಕ್ಷೆಗಳಿಂದ ವಾಯುಮಂಡಲದ ಇಂಗಾಲ-14ರ ಪ್ರಮಾಣವು 1963ರ ವೇಳೆಗೆ ಸುಮಾರು ಇಮ್ಮಡಿಯಾಗಿ, ಆಮೇಲೆ ಕ್ರಮೇಣ ಇಳಿಯಿತು. ಆ ಗಾಳಿಯನ್ನು ಉಂಡು ಬೆಳೆದ ಧಾನ್ಯದ ಮದ್ಯದಲ್ಲಿ ಆ ಗುರುತು ಅಳಿಸದೆ ಉಳಿಯುತ್ತದೆ. 2017ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಹೋಟೆಲಿನಲ್ಲಿ 1878ರದೆಂದು ಮಾರಾಟವಾದ ಸ್ಕಾಚ್ ವಿಸ್ಕಿಯು ವಾಸ್ತವವಾಗಿ 1970ರ ನಂತರದ್ದೆಂದು ಬಯಲಾದದ್ದು ಈ ವಿಧಾನದಿಂದಲೇ. ಬರ್ಬನ್ನಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ಆದರೆ ಅಣ್ವಸ್ತ್ರಗಳಿಗೆ ಹಿಂದಿನ ಮೂರು ಶತಮಾನಗಳಲ್ಲಿ ಇಂಗಾಲದ ಮಾಪಕರೇಖೆಯು ಏರಿಳಿತಗಳಿಂದ ಕೂಡಿದ್ದು, ಒಂದೇ ಅಳತೆಗೆ ಹಲವು ಕಾಲಗಳು ಹೊಂದಬಹುದು. ಓಲ್ಡ್ ಇಂಗಲ್‌ಡ್ಯೂವಿನ ವಿಷಯದಲ್ಲಿ ಸಂಭವದ ಮಾತು ಬಂದದ್ದು ಅದಕ್ಕಾಗಿಯೇ. ಅಮೆರಿಕದ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಇನ್ನೊಂದು ಶೋಧವು ರಮ್ಯವಾದುದು: ನೀರು ಬೆರೆಸಿದ ಅಮೆರಿಕನ್ ವಿಸ್ಕಿಯ ಹನಿಯು ಗಾಜಿನ ಮೇಲೆ ಆರಿದಾಗ ಜೇಡರ ಬಲೆಯಂತಹ ವಿನ್ಯಾಸವನ್ನು ಉಳಿಸುತ್ತದೆ, ಸ್ಕಾಚ್ ವಿಸ್ಕಿ ಉಳಿಸುವುದಿಲ್ಲ. ಸುಟ್ಟ ಹೊಸ ಪೀಪಾಯಿಯಿಂದ ಬಂದ ಅಂಶಗಳೇ ಇದಕ್ಕೆ ಕಾರಣವೆಂದು ಊಹೆ. ಇದರಿಂದ ವಿಸ್ಕಿಯ ಜಾತಿ ತಿಳಿದೀತು, ಪ್ರಾಯ ತಿಳಿಯದು.

ಕೊನೆಯದಾಗಿ ಕೈಬದಲಾವಣೆಯ ದಾಖಲೆ. ಅಮೆರಿಕದಲ್ಲಿ ಪರವಾನಗಿಯಿಲ್ಲದೆ ಮದ್ಯ ಮಾರುವುದು ಸಾಮಾನ್ಯವಾಗಿ ಅಪರಾಧ. ಆದುದರಿಂದ ಹಳೆಯ ಸೀಸೆಗಳು ದಶಕಗಳ ಕಾಲ ರಶೀದಿಯಿಲ್ಲದೆ, ಹೆಸರಿಲ್ಲದೆ ಕೈಯಿಂದ ಕೈಗೆ ಸಾಗಿದವು. ಮುತ್ತಾತನ ಅಟ್ಟದಲ್ಲಿ ದೊರೆಯಿತೆಂಬ ಮಾತಿನಷ್ಟೇ ಆಧಾರ. ಬಾಯಿಮಾತು ಸುಳ್ಳೆಂದು ನಾವು ಹೇಳುವುದಿಲ್ಲ, ಆದರೆ ಎಷ್ಟು ಅಟ್ಟಗಳಿದ್ದಾವು! ಕೆಂಟಕಿಯ ಶಾಸನಸಭೆಯು 2017ರಲ್ಲಿ ಒಪ್ಪಿದ ಕಾಯಿದೆಯೊಂದು 2018ರ ಆರಂಭದಿಂದ ಜಾರಿಗೆ ಬಂದು, ಸಗಟು ವ್ಯಾಪಾರದಲ್ಲಿ ದೊರೆಯದ, ತೆರೆಯದ ಹಳೆಯ ಸೀಸೆಗಳನ್ನು ಖಾಸಗಿಯವರಿಂದ ಕೊಳ್ಳಲು ಪರವಾನಗಿಯುಳ್ಳ ಅಂಗಡಿಗಳಿಗೆ ಅವಕಾಶ ಕೊಟ್ಟಿತು. ಅಂದಿನಿಂದ ಆ ರಾಜ್ಯದಲ್ಲಿ, ಇಂಥ ಸೀಸೆಯನ್ನು ಇಂಥವರು ತಂದರೆಂದು ಬರೆದಿಡಬಲ್ಲ ಅಂಗಡಿಯ ಲೆಕ್ಕದ ಪುಸ್ತಕಗಳು ಹುಟ್ಟತೊಡಗಿವೆ.