ಮನೆಯ ಅಂದಕ್ಕೆ ಪುಸ್ತಕದ ಕಪಾಟು: ಫಾರ್ವರ್ಡ್‌ಗಳು ಹೇಳುವುದರಲ್ಲಿ ಎಷ್ಟು ನಿಜ?

ನೆಲದಿಂದ ಸೂರಿನವರೆಗೆ ಪುಸ್ತಕ ಜೋಡಿಸಿದ ಗೋಡೆ, ನಡುವೆ ಹಿತ್ತಾಳೆಯ ದೀಪ, ಒಂದೆರಡು ಗಿಡ, ಮೇಲಿಂದ ಬೀಳುವ ಹಳದಿ ಬೆಳಕು. ಇಂಥ ಫೋಟೊ ಅಥವಾ ರೀಲ್ ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರಬಹುದು. ಅದರ ಜೊತೆಗೆ ಸಲಹೆಗಳೂ ಬರುತ್ತವೆ. ಕಪಾಟು ನೈಋತ್ಯದಲ್ಲೇ ಇರಲಿ, ನುಸಿಗುಳಿಗೆ ಹಾಕಿದರೆ ಹುಳದ ಚಿಂತೆ ಇಲ್ಲ, ಪುಸ್ತಕದ ಗೋಡೆ ಇದ್ದರೆ ಪಕ್ಕದ ಮನೆಯ ಸದ್ದು ಕೇಳಿಸದು, ಮನೆಯಲ್ಲಿ ಪುಸ್ತಕ ಇದ್ದರೆ ಮಕ್ಕಳು ತಾವಾಗಿಯೇ ಜಾಣರಾಗುತ್ತಾರೆ, ಹೀಗೆ.

ಪುಸ್ತಕದ ಕಪಾಟು ಮನೆಗೆ ಅಂದ ಕೊಡುತ್ತದೆ ಎಂಬುದರಲ್ಲಿ ನಮಗೆ ತಕರಾರಿಲ್ಲ. ದುಬಾರಿ ಅಲಂಕಾರಕ್ಕಿಂತ ಕಡಿಮೆ ಖರ್ಚಿನಲ್ಲಿ ಹಾಲ್‌ಗೆ ಕಳೆ ಬರುತ್ತದೆ, ಓದಲು ಪುಸ್ತಕವೂ ಕೈಗೆ ಸಿಗುತ್ತದೆ. ಆದರೆ ಫೋಟೊದಲ್ಲಿ ಕಾಣದ ಮೂರು ಸಂಗತಿಗಳಿವೆ: ಭಾರ, ತೇವ, ಗಾಳಿ. ಇವನ್ನು ನೋಡದೆ ಮಾಡಿಸಿದ ಕಪಾಟು ಪುಸ್ತಕವನ್ನು ಹಾಳುಮಾಡಬಹುದು. ಮಕ್ಕಳಿರುವ ಮನೆಯಲ್ಲಿ ಪ್ರಾಣಕ್ಕೂ ಅಪಾಯ ತರಬಹುದು. ಒಂದೊಂದಾಗಿ ನೋಡೋಣ.

ಪುಸ್ತಕಗಳ ತೂಕ ಎಷ್ಟು?

ಕನ್ನಡದ ಬಹುತೇಕ ಕಾದಂಬರಿಗಳು ಡೆಮಿ 1/8 ಆಕಾರದಲ್ಲಿರುತ್ತವೆ. ಅಂದರೆ ಸುಮಾರು 14 ಸೆಂ.ಮೀ. ಅಗಲ, 21.5 ಸೆಂ.ಮೀ. ಎತ್ತರ. 70 ಜಿಎಸ್ಎಂ ಕಾಗದದಲ್ಲಿ ಅಚ್ಚಾದ 250 ಪುಟಗಳ ಪುಸ್ತಕ ರಕ್ಷಾಪುಟ ಸೇರಿ 300 ಗ್ರಾಂ ಆಸುಪಾಸು ತೂಗುತ್ತದೆ. ಅದರ ದಪ್ಪ ಒಂದೂಕಾಲು, ಒಂದೂವರೆ ಸೆಂ.ಮೀ. ಹಾಗಾದರೆ ಮೂರು ಅಡಿ ಉದ್ದದ ಒಂದು ಹಲಗೆಯಲ್ಲಿ 65 ಪುಸ್ತಕ ಹಿಡಿಯುತ್ತವೆ, ತೂಕ ಸುಮಾರು 20 ಕೆ.ಜಿ. ಇಂಥ ಐದು ಹಲಗೆ ಇದ್ದರೆ 100 ಕೆ.ಜಿ. ಅಂದರೆ 25 ಕೆ.ಜಿ.ಯ ನಾಲ್ಕು ಅಕ್ಕಿ ಮೂಟೆ ಗೋಡೆಗೆ ಒರಗಿ ನಿಂತಂತೆ. ನಿಘಂಟು, ವಿಶ್ವಕೋಶ, ಪಠ್ಯಪುಸ್ತಕಗಳಿದ್ದರೆ ಇನ್ನೂ ಹೆಚ್ಚು.

ಹಲಗೆ ನಡುವೆ ಬಾಗುವುದು ಇದೇ ಕಾರಣಕ್ಕೆ. ಇಲ್ಲಿ ಒಂದು ಸರಳ ಲೆಕ್ಕವಿದೆ. ಎರಡು ಆಸರೆಗಳ ನಡುವಿನ ಉದ್ದ ಎರಡು ಪಟ್ಟಾಗಿ, ಅಷ್ಟೂ ಉದ್ದಕ್ಕೆ ಪುಸ್ತಕ ತುಂಬಿದರೆ, ಹಲಗೆ ಬಾಗುವುದು ಎರಡು ಪಟ್ಟಲ್ಲ, 16 ಪಟ್ಟು. ಎರಡು ಅಡಿಯ ಬದಲು ಮೂರು ಅಡಿ ಮಾಡಿಸಿದರೂ ಐದು ಪಟ್ಟು ಹೆಚ್ಚು ಬಾಗುತ್ತದೆ. ಹಲಗೆಯ ದಪ್ಪವನ್ನು 18 ಮಿ.ಮೀ.ನಿಂದ 25 ಮಿ.ಮೀ.ಗೆ ಏರಿಸಿದರೆ ಬಾಗು ಮೂರರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ. ಆದ್ದರಿಂದ ಬಡಗಿಗೆ ಹೇಳಬೇಕಾದ ಮಾತು ಇಷ್ಟೇ: ಎರಡರಿಂದ ಎರಡೂವರೆ ಅಡಿಗೊಂದು ನಿಲುವು ಹಲಗೆ ಇರಲಿ. ಎಂಡಿಎಫ್, ಪಾರ್ಟಿಕಲ್ ಬೋರ್ಡ್‌ಗಳು ಮೊದಲ ತಿಂಗಳು ನೆಟ್ಟಗಿದ್ದರೂ ಸತತ ಭಾರದಡಿ ನಿಧಾನವಾಗಿ ಬಾಗುತ್ತವೆ. ತೇವ ತಗುಲಿದರೆ ಉಬ್ಬುತ್ತವೆ.

'ಭಾರವಿದ್ದರೆ ಕಪಾಟು ಅಲುಗಾಡದು' ಎಂಬುದು ನಿಜವೇ?

ಅರ್ಧ ನಿಜ. ಭಾರ ಕೆಳಗಿದ್ದರೆ ಕಪಾಟು ಗಟ್ಟಿಯಾಗಿ ನಿಲ್ಲುತ್ತದೆ. ಮೇಲಿನವರೆಗೂ ಒಂದೇ ಸಮನೆ ತುಂಬಿದರೆ ಹಾಗಲ್ಲ. ಆರು ಅಡಿ ಎತ್ತರ, ಒಂದು ಅಡಿ ಆಳದ ಕಪಾಟು ಮುಂದಕ್ಕೆ ಸುಮಾರು 9 ಡಿಗ್ರಿ ವಾಲಿದರೆ ಸಾಕು, ಮತ್ತೆ ಹಿಂದಕ್ಕೆ ಬಾರದೆ ಉರುಳುತ್ತದೆ. ಗಡಿಯಾರದಲ್ಲಿ ಎರಡು ನಿಮಿಷಕ್ಕೆ ಮುಳ್ಳು ತಿರುಗುವುದೇ 12 ಡಿಗ್ರಿ ಎಂದು ಯೋಚಿಸಿದರೆ ಇದು ಎಷ್ಟು ಕಡಿಮೆ ಎಂದು ತಿಳಿಯುತ್ತದೆ.

ಎರಡು ಮೂರು ವರ್ಷದ ಮಗುವಿಗೆ ಹಲಗೆಗಳು ಕಾಣುವುದು ಏಣಿಯ ಮೆಟ್ಟಿಲಿನಂತೆ. ಮೇಲೆ ಆಟಿಕೆಯೋ ರಿಮೋಟೋ ಇದ್ದರೆ ಹತ್ತಲು ಕಾರಣವೂ ಸಿಕ್ಕಿತು. ಅಮೆರಿಕದಲ್ಲಿ ಬಟ್ಟೆ ಇಡುವ ಡ್ರಾಯರ್ ಪೀಠೋಪಕರಣಗಳು ಮಗುಚಿ ಮಕ್ಕಳು ಸತ್ತ ಪ್ರಕರಣಗಳ ನಂತರ, ಅವು ಸುಲಭವಾಗಿ ಮಗುಚದಂತೆ ತಯಾರಿಸಬೇಕೆಂದು 2022ರಲ್ಲಿ ಕಾನೂನನ್ನೇ ತರಬೇಕಾಯಿತು. ಪುಸ್ತಕದ ಕಪಾಟಿನ ಭೌತಶಾಸ್ತ್ರವೂ ಅದೇ.

ಪರಿಹಾರ ದುಬಾರಿಯಲ್ಲ. ಕಪಾಟಿನ ಮೇಲ್ತುದಿಯನ್ನು ಎರಡು ಎಲ್ ಆಕಾರದ ಕ್ಲಾಂಪ್‌ಗಳಿಂದ ಗೋಡೆಗೆ ಬಿಗಿಸಿ. ಗೋಡೆ ಯಾವುದು ಎಂಬುದು ಮುಖ್ಯ. ಟೊಳ್ಳು ಬ್ಲಾಕ್, ಕರಾವಳಿಯ ಮುರಕಲ್ಲು, ಹಳೆಯ ಮಣ್ಣಿನ ಗೋಡೆಗಳಲ್ಲಿ ಸಾಮಾನ್ಯ ಸ್ಕ್ರೂ ಕಿತ್ತು ಬರುತ್ತದೆ. ಆಯಾ ಗೋಡೆಗೆ ತಕ್ಕ ಪ್ಲಗ್ ಕೇಳಿ ಪಡೆಯಿರಿ. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಮಾಲೀಕರು ಒಪ್ಪದಿದ್ದರೆ ಎತ್ತರದ ಕಪಾಟಿನ ಆಸೆ ಬಿಡಿ. ಸೊಂಟದೆತ್ತರದ ಅಗಲವಾದ ಕಪಾಟು ಕೊಳ್ಳಿ. ಯಾವ ಕಪಾಟಾದರೂ ದಪ್ಪ ಪುಸ್ತಕ ಕೆಳಗೆ, ಹಗುರವಾದದ್ದು ಮೇಲೆ.

ನೈಋತ್ಯ ದಿಕ್ಕಿನಲ್ಲೇ ಇಡಬೇಕೇ?

ದಿಕ್ಕಿನಿಂದ ಓದು ಹತ್ತುತ್ತದೆ ಅಥವಾ ಅದೃಷ್ಟ ಬದಲಾಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಆದರೆ ಮಳೆ ಮತ್ತು ಬಿಸಿಲಿನ ದೃಷ್ಟಿಯಿಂದ ದಿಕ್ಕನ್ನು ನೋಡಲೇಬೇಕು. ಕರಾವಳಿ, ಮಲೆನಾಡಿನಲ್ಲಿ ಮುಂಗಾರು ಮಳೆ ಬೀಸಿ ಹೊಡೆಯುವುದು ಪಶ್ಚಿಮ ಮತ್ತು ನೈಋತ್ಯದ ಹೊರಗೋಡೆಗಳಿಗೇ. ಅಂದರೆ ಫಾರ್ವರ್ಡ್ ನಂಬಿ ಆ ಗೋಡೆಗೆ ಕಪಾಟು ಒರಗಿಸಿದರೆ ಮನೆಯ ಅತಿ ತೇವದ ಜಾಗಕ್ಕೆ ಪುಸ್ತಕವನ್ನು ಒಪ್ಪಿಸಿದಂತೆ.

ಗಾಳಿಯ ತೇವಾಂಶ ಶೇ 65-70 ದಾಟಿ ಹಲವು ದಿನ ಅಲ್ಲೇ ನಿಂತರೆ ಕಾಗದದ ಮೇಲೆ ಬೂಷ್ಟು ಬೆಳೆಯಬಲ್ಲದು. ಮಂಗಳೂರಿನಲ್ಲೋ ಆಗುಂಬೆಯಲ್ಲೋ ಮಳೆಗಾಲದ ತೇವಾಂಶ ಇದಕ್ಕಿಂತ ಬಹಳ ಹೆಚ್ಚು. ಹಾಗಾಗಿ ಒಳಗೋಡೆಯನ್ನೇ ಆರಿಸಿ. ಬಚ್ಚಲುಮನೆಗೆ ಅಂಟಿದ ಗೋಡೆ ಬೇಡ. ಕಪಾಟಿನ ಬೆನ್ನಿಗೂ ಗೋಡೆಗೂ ನಡುವೆ ಎರಡು ಇಂಚು ಸಂದು ಬಿಡಿ, ಅಷ್ಟೇ ದಪ್ಪದ ಮರದ ತುಂಡು ನಡುವೆ ಕೊಟ್ಟು ಕ್ಲಾಂಪ್ ಬಿಗಿಸಿ. ಪುಸ್ತಕಗಳನ್ನು ಬೆರಳು ತೂರದಷ್ಟು ಒತ್ತಿ ತುಂಬಬೇಡಿ.

ಹಾಗೆಯೇ ನೇರ ಬಿಸಿಲು ಬೀಳುವ ಕಿಟಕಿಯೆದುರೂ ಬೇಡ. ಬಿಸಿಲಿನ ನೇರಳಾತೀತ ಕಿರಣಗಳು ಬೆನ್ನುಪುಟದ ಬಣ್ಣ ಮಾಸಿಸುತ್ತವೆ, ಕಾಗದದಲ್ಲಿರುವ ಲಿಗ್ನಿನ್ ಎಂಬ ಅಂಶವನ್ನು ಹಳದಿಗೆ ತಿರುಗಿಸುತ್ತವೆ. ಬಿಸಿಲಲ್ಲಿಟ್ಟ ದಿನಪತ್ರಿಕೆ ಬೇಗ ಹಳದಿಯಾಗುವುದೂ ಇದರಿಂದಲೇ. 'ವರ್ಷಕ್ಕೊಮ್ಮೆ ಪುಸ್ತಕಗಳನ್ನು ಬಿಸಿಲಿಗೆ ಹರಡಿ' ಎಂಬ ಸಲಹೆಯನ್ನು 'ನೆರಳಿನಲ್ಲಿ, ಗಾಳಿಯಾಡುವ ಕಡೆ ಹರಡಿ' ಎಂದು ತಿದ್ದಿಕೊಳ್ಳಿ.

ಬೂಷ್ಟು ಬಂದೇಬಿಟ್ಟರೆ? ಒದ್ದೆ ಬಟ್ಟೆಯಿಂದ ಒರೆಸಬೇಡಿ, ಕಲೆ ಹರಡುತ್ತದೆ. ಮೊದಲು ನೆರಳಿನಲ್ಲಿ ಪೂರ್ತಿ ಒಣಗಿಸಿ. ಆಮೇಲೆ ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು ಮೆತ್ತನೆಯ ಬ್ರಷ್‌ನಿಂದ ಒರೆಸಿ. ಅಸ್ತಮಾ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು.

ನುಸಿಗುಳಿಗೆ ಹಾಕಬಹುದೇ?

ಇದು ಬಹಳ ಮನೆಗಳಲ್ಲಿ ರೂಢಿ. ನಾವು ಬೇಡ ಎನ್ನುತ್ತೇವೆ. ನ್ಯಾಫ್ತಲೀನ್ ಗುಳಿಗೆ ಕರಗುವುದಿಲ್ಲ, ನೇರವಾಗಿ ಆವಿಯಾಗುತ್ತದೆ. ಆ ಆವಿಯನ್ನೇ ಮನೆಮಂದಿ ಉಸಿರಾಡುತ್ತಾರೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಇದು ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ರಕ್ತಹೀನತೆ, ಕಾಮಾಲೆ ತರಬಲ್ಲದು. ಪರೀಕ್ಷೆ ಮಾಡಿಸದ ಹೊರತು ಕೊರತೆ ಇದೆಯೆಂದು ತಿಳಿಯುವುದೂ ಇಲ್ಲ. ಬಿಳಿ ಗುಳಿಗೆಯನ್ನು ಪೆಪ್ಪರ್‌ಮಿಂಟ್ ಎಂದು ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಅಪಾಯ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ನ್ಯಾಫ್ತಲೀನನ್ನು 'ಕ್ಯಾನ್ಸರ್ ತರಬಹುದಾದ ಸಾಧ್ಯತೆಯುಳ್ಳ' ವಸ್ತುಗಳ ಗುಂಪಿಗೆ ಸೇರಿಸಿದೆ. ಮಗು ಗುಳಿಗೆ ನುಂಗಿದ್ದರೆ ಮನೆಮದ್ದು ಮಾಡುತ್ತ ಕೂರದೆ, ವಾಂತಿ ಮಾಡಿಸಲೂ ಹೋಗದೆ, ಗುಳಿಗೆಯ ಪೊಟ್ಟಣದೊಂದಿಗೆ ಕೂಡಲೇ ಆಸ್ಪತ್ರೆಗೆ ಹೋಗಿ.

ಹಾಗಾದರೆ ಹುಳಕ್ಕೆ ಏನು ಮಾಡುವುದು? ಪುಟಗಳ ನಡುವೆ ಸರ್ರನೆ ಹರಿದಾಡುವ ಬೆಳ್ಳಿ ಬಣ್ಣದ ಸಿಲ್ವರ್‌ಫಿಶ್ ಹುಳಕ್ಕೆ ಬೇಕಾದದ್ದು ತೇವ, ಕತ್ತಲೆ ಮತ್ತು ಅಂಟಿನಲ್ಲಿರುವ ಪಿಷ್ಟ. ತೇವ ತಪ್ಪಿದರೆ ಅದು ನಿಲ್ಲುವುದಿಲ್ಲ. ಎರಡು ತಿಂಗಳಿಗೊಮ್ಮೆ ಪುಸ್ತಕ ತೆಗೆದು ಧೂಳು ಹೊಡೆಯುವುದೇ ಅತ್ಯುತ್ತಮ ಔಷಧ. ನಮ್ಮ ಹಿರಿಯರು ತಾಳೆಗರಿಗಳಿಗೆ ಮಜ್ಜಿಗೆಹುಲ್ಲಿನಂಥ ಸುವಾಸನೆಯ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಆದರೆ ಅದು ಗರಿಗೆ ಹೇಳಿದ ಉಪಾಯ. ಕಾಗದಕ್ಕೆ ಎಣ್ಣೆ ಸವರಿದರೆ ಕಲೆಯಾಗುತ್ತದೆ. ಬೇವಿನ ಎಲೆ ಇಡುವುದಾದರೆ ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿ ಇಡಿ. ಹಸಿ ಎಲೆ ಇಟ್ಟರೆ ತೇವವನ್ನು ನೀವೇ ಒಳಗೆ ಕಳಿಸಿದಂತೆ.

ಗೆದ್ದಲಿನ ವಿಷಯದಲ್ಲೂ ಒಂದು ಗೊಂದಲವಿದೆ. 'ವಾಟರ್‌ಪ್ರೂಫ್ ಪ್ಲೈವುಡ್‌ಗೆ ಗೆದ್ದಲು ಹಿಡಿಯದು' ಎನ್ನುತ್ತಾರೆ. ನೀರು ತಡೆಯುವುದು ಪದರಗಳನ್ನು ಕೂಡಿಸಿದ ಅಂಟಿನ ಗುಣ, ಗೆದ್ದಲು ತಡೆಯುವುದು ಮರಕ್ಕೆ ಕೊಟ್ಟ ಔಷಧದ ಗುಣ. ಎರಡನ್ನೂ ಬೇರೆಬೇರೆಯಾಗಿ ಕೇಳಿ ಕೊಳ್ಳಿ. ನೆಲಕ್ಕೂ ಕೆಳಗಿನ ಹಲಗೆಗೂ ನಾಲ್ಕಾರು ಇಂಚು ಅಂತರವಿದ್ದರೆ ಗೆದ್ದಲಿನ ಮಣ್ಣುದಾರಿ ಬೇಗ ಕಣ್ಣಿಗೆ ಬೀಳುತ್ತದೆ, ಗುಡಿಸಲೂ ಸುಲಭ.

ಪುಸ್ತಕದ ಗೋಡೆ ಸದ್ದು ತಡೆಯುತ್ತದೆಯೇ?

ಕೋಣೆಯೊಳಗಿನ ಪ್ರತಿಧ್ವನಿ ಕಡಿಮೆಯಾಗುತ್ತದೆ. ಏರಿಳಿತದ ಬೆನ್ನುಪುಟಗಳು ಸದ್ದನ್ನು ಚದುರಿಸುತ್ತವೆ, ಕಾಗದ ಸ್ವಲ್ಪ ಹೀರುತ್ತದೆ. ಖಾಲಿ ಹಾಲ್‌ಗಿಂತ ಪುಸ್ತಕವಿರುವ ಹಾಲ್‌ನಲ್ಲಿ ಮಾತು ಸ್ಪಷ್ಟವಾಗಿ ಕೇಳುವುದು ಇದರಿಂದಲೇ. ಪಕ್ಕದ ಮನೆಯ ಟಿ.ವಿ. ಸದ್ದು ಮಾತ್ರ ಬಾಗಿಲ ಸಂದಿ, ಕಿಟಕಿ, ಚಪ್ಪಡಿಗಳ ಮೂಲಕವೂ ಬರುತ್ತದೆ. ಅದಕ್ಕೆ ಪುಸ್ತಕ ಹೆಚ್ಚೇನೂ ಮಾಡಲಾರದು.

ಪುಸ್ತಕವಿದ್ದರೆ ಮಕ್ಕಳು ಜಾಣರಾಗುತ್ತಾರೆಯೇ?

ಈ ಫಾರ್ವರ್ಡ್‌ನ ಹಿಂದೆ ನಿಜವಾದ ಅಧ್ಯಯನವಿದೆ. 27 ದೇಶಗಳ ಮಾಹಿತಿ ಆಧರಿಸಿ 2010ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, 500 ಪುಸ್ತಕಗಳಿರುವ ಮನೆಯಲ್ಲಿ ಬೆಳೆದವರು ಪುಸ್ತಕವೇ ಇಲ್ಲದ ಮನೆಯವರಿಗಿಂತ ಸರಾಸರಿ ಮೂರು ವರ್ಷ ಹೆಚ್ಚು ಓದಿದ್ದರು. ತಂದೆತಾಯಿಯ ಶಿಕ್ಷಣ, ಉದ್ಯೋಗವನ್ನು ಲೆಕ್ಕಕ್ಕೆ ತೆಗೆದುಕೊಂಡರೂ ವ್ಯತ್ಯಾಸ ಉಳಿದಿತ್ತು. ಆದರೆ ಇದು ಎರಡು ಸಂಗತಿಗಳ ನಡುವಿನ ನಂಟು. ಪುಸ್ತಕ ತಂದಿಟ್ಟದ್ದೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಪುಸ್ತಕ ಕೊಳ್ಳುವ ಮನೆಯಲ್ಲಿ ಓದುವ, ಓದಿದ್ದರ ಬಗ್ಗೆ ಮಾತಾಡುವ ರೂಢಿಯೂ ಇರುತ್ತದೆ. ಅಲಂಕಾರಕ್ಕೆಂದು ಮೀಟರ್ ಲೆಕ್ಕದಲ್ಲಿ ಕೊಂಡು, ಬೆನ್ನು ಒಳಗೆ ಮಾಡಿ ಜೋಡಿಸಿದ ಪುಸ್ತಕದಿಂದ ಆ ಫಲ ನಿರೀಕ್ಷಿಸಲಾಗದು. ಮಕ್ಕಳ ಪುಸ್ತಕಗಳನ್ನು ಅವರ ಕೈಗೆಟಕುವ ಕೆಳಗಿನ ಹಲಗೆಯಲ್ಲಿ, ಮುಖಪುಟ ಕಾಣುವಂತೆ ಇಡಿ. ಆಗ ಹತ್ತುವ ಅಗತ್ಯವೂ ಇಲ್ಲ.

ಅಂದ ಹೇಗೆ ತರುವುದು?

ಭಾರ, ತೇವ, ಗಾಳಿ ಸರಿಹೋದ ಮೇಲೆ ಅಂದ ಸುಲಭ. ಕನ್ನಡ ಪುಸ್ತಕಗಳಿಗೆ 20-25 ಸೆಂ.ಮೀ. ಆಳದ ಹಲಗೆ ಸಾಕು. ಅದಕ್ಕಿಂತ ಆಳವಾದರೆ ಎರಡು ಸಾಲು ಇಡುತ್ತೇವೆ, ಹಿಂದಿನ ಸಾಲು ಮರೆತೇಹೋಗುತ್ತದೆ. ಹಲಗೆಗಳ ನಡುವೆ 25 ಸೆಂ.ಮೀ., ದೊಡ್ಡ ಪುಸ್ತಕಗಳಿಗೆ ಒಂದು ಕಡೆ 33 ಸೆಂ.ಮೀ. ಎತ್ತರವಿರಲಿ. ನಾಲ್ಕರಲ್ಲಿ ಒಂದು ಪಾಲು ಖಾಲಿ ಬಿಟ್ಟರೆ ಕಣ್ಣಿಗೂ ಹಿತ, ಮುಂದೆ ಕೊಳ್ಳುವ ಪುಸ್ತಕಕ್ಕೂ ಜಾಗ. ಗಿಡದ ಕುಂಡ ಪುಸ್ತಕದ ಪಕ್ಕ ಬೇಡ, ನೀರು ಚೆಲ್ಲುತ್ತದೆ. ಎಣ್ಣೆದೀಪ, ಊದುಬತ್ತಿಯಂತೂ ಬೇಡವೇ ಬೇಡ. ಬೆಳಕಿಗೆ ಎಲ್ಇಡಿ ಸಾಕು. ಗಾಜಿನ ಬಾಗಿಲು ಧೂಳು ತಡೆಯುತ್ತದೆ, ಆದರೆ ತೇವವನ್ನೂ ಒಳಗೇ ಹಿಡಿದಿಡುತ್ತದೆ. ಮಳೆಗಾಲದಲ್ಲಿ ಬಿಸಿಲು ಬಂದ ದಿನ ಕೆಲ ಹೊತ್ತು ತೆರೆದಿಡಿ.

ಈ ಲೇಖನವನ್ನು ಯಾರಿಗಾದರೂ ಕಳುಹಿಸುವ ಮುನ್ನ ನಿಮ್ಮ ಮನೆಯ ಕಪಾಟಿನ ಬಳಿ ಹೋಗಿ. ಮೇಲ್ತುದಿ ಹಿಡಿದು ಬಹಳ ಮೆಲ್ಲಗೆ ನಿಮ್ಮ ಕಡೆಗೆ ಎಳೆದು ನೋಡಿ. ಒಂದಿಷ್ಟು ಅಲುಗಿದರೂ ಮೇಲಿನ ಭಾರ ಇಂದೇ ಕೆಳಗಿಳಿಸಿ, ಗೋಡೆಗೆ ಕ್ಲಾಂಪ್ ಹಾಕಿಸಿ.