ಸೇನಾ ರೈಲ್ವೆ ಪಡೆಗಳು: ಹಳಿ ದುರಸ್ತಿಯ ಚರಿತ್ರೆ

ರೈಲು ಹಳಿ ಹಾಕುವುದು, ಕಿತ್ತುಹೋದ ಹಳಿಯನ್ನು ಸರಿಪಡಿಸುವುದು, ಸೇತುವೆ ಕಟ್ಟುವುದು, ಮಾರ್ಗ ಕಾಯುವುದು: ಇವಿಷ್ಟನ್ನೇ ಕಸುಬಾಗಿಸಿಕೊಂಡ ಪಡೆಗಳು ಹಲವು ದೇಶಗಳ ಸೇನೆಗಳಲ್ಲಿವೆ. ಇವುಗಳ ಬಗ್ಗೆ ಬರೆದವರಲ್ಲಿ ಒಂದು ಗೊಂದಲ ಮೊದಲಿನಿಂದಲೂ ಉಳಿದುಬಂದಿದೆ. ಹಳಿ ಕೆಲಸ ಕಲಿತ ಸಿಪಾಯಿಯನ್ನೂ ಸಮವಸ್ತ್ರ ತೊಟ್ಟ ರೈಲ್ವೆ ನೌಕರನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ರೂಢಿ. ಇಬ್ಬರ ನೇಮಕ, ಸಂಬಳ, ಶಿಸ್ತಿನ ಕಟ್ಟಳೆ ಎಲ್ಲವೂ ಬೇರೆ. ಸೇನಾ ರೈಲ್ವೆಯ ಚರಿತ್ರೆಯಲ್ಲಿ ಅರ್ಧ ಭಾಗ ಈ ಇಬ್ಬರ ನಡುವಿನ ಆಯ್ಕೆಯದೇ.

ಮೊದಲ ಶಾಶ್ವತ ಪಡೆ ರಷ್ಯದ್ದು. ಸೇಂಟ್ ಪೀಟರ್ಸ್‌ಬರ್ಗ್–ಮಾಸ್ಕೋ ಮಾರ್ಗಕ್ಕಾಗಿ ಚಕ್ರವರ್ತಿ ಒಂದನೆಯ ನಿಕೊಲಸ್ 1851ರಲ್ಲಿ 14 ಕೆಲಸಗಾರ ಕಂಪನಿಗಳನ್ನೂ ಅವುಗಳ ಜೊತೆಗೆ ಕಂಡಕ್ಟರ್ ಮತ್ತು ಟೆಲಿಗ್ರಾಫ್ ಕಂಪನಿಗಳನ್ನೂ ರಚಿಸಿದ. ಹೆಸರಿಗೆ ಸೇನೆಯಾದರೂ ಇವರು ಮಾಡುತ್ತಿದ್ದುದು ಇಂದಿನ ಗ್ಯಾಂಗ್‌ಮನ್ ಮತ್ತು ಗೇಟ್‌ಮನ್‌ಗಳ ಕೆಲಸ: ಹಳಿ ನೋಡಿಕೊಳ್ಳುವುದು, ಸೇತುವೆ, ನಿಲ್ದಾಣ, ಗೇಟುಗಳನ್ನು ಕಾಯುವುದು. ರಣರಂಗದ ಜೊತೆಜೊತೆಗೇ ಮಾರ್ಗ ಹಾಕುವ ಕೆಲಸ ದೊಡ್ಡದಾಗಿ ನಡೆದದ್ದು 1880ರ ನಂತರ, ತುರ್ಕಮೆನ್ನರ ವಿರುದ್ಧದ ದಂಡಯಾತ್ರೆಗಾಗಿ ಟ್ರಾನ್ಸ್‌ಕ್ಯಾಸ್ಪಿಯನ್ ಮಾರ್ಗ ಆರಂಭವಾದಾಗ. ಜನರಲ್ ಅನ್ನೆಂಕೋವ್ ಮೇಲ್ವಿಚಾರಣೆಯಲ್ಲಿ ಅದು 1888ರಲ್ಲಿ ಸಮರ್‌ಕಂದ್ ಮುಟ್ಟಿತು.

ಅಮೆರಿಕದ ಅಂತರ್ಯುದ್ಧವನ್ನು ಅನೇಕ ಗ್ರಂಥಗಳು ‘ಸೈನಿಕರು ಹಳಿ ದುರಸ್ತಿ ಮಾಡಿದ ಮೊದಲ ಮಹಾಯುದ್ಧ’ ಎಂಬಂತೆ ವರ್ಣಿಸುತ್ತವೆ. ದಾಖಲೆ ಹೇಳುವುದು ಹೆಚ್ಚುಕಮ್ಮಿ ತದ್ವಿರುದ್ಧ. 1862ರ ಮೇ ತಿಂಗಳಲ್ಲಿ ವರ್ಜೀನಿಯದ ಪೊಟೊಮ್ಯಾಕ್ ಕ್ರೀಕ್ ಮೇಲೆ ಸುಮಾರು 400 ಅಡಿ ಉದ್ದದ ಮರದ ಸೇತುವೆಯನ್ನು ರೈಲ್ವೆ ಎಂಜಿನಿಯರ್ ಹರ್ಮನ್ ಹಾಪ್ಟ್ ಒಂಬತ್ತು ದಿನಗಳಲ್ಲಿ ಎಬ್ಬಿಸಿದಾಗ ಅವನ ಕೈಗೆ ಕೊಟ್ಟಿದ್ದು ಕಾಲಾಳುಗಳನ್ನೇ. ಹಲವರಿಗೆ ಕೊಡಲಿ ಹಿಡಿಯಲೂ ಎತ್ತರದಲ್ಲಿ ಕೆಲಸ ಮಾಡಲೂ ಬರುತ್ತಿರಲಿಲ್ಲವೆಂದು ಅವನು ಆಮೇಲೆ ದೂರಿದ್ದಾನೆ. ಆ ಅನುಭವದಿಂದಲೇ ಸಿವಿಲ್ ಕೆಲಸಗಾರರ ನಿರ್ಮಾಣ ದಳ ಬೆಳೆಯಿತು. ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದ ಕಪ್ಪು ಜನ ಅದರಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ಯುದ್ಧದ ಕೊನೆಯ ಹೊತ್ತಿಗೆ ಒಕ್ಕೂಟದ ಸೇನಾ ರೈಲ್ವೆ ಸುಮಾರು 2,100 ಮೈಲಿ ಮಾರ್ಗವನ್ನು ನಡೆಸುತ್ತಿತ್ತು. ಅದನ್ನು ನಡೆಸಿದವರಲ್ಲಿ ಬಹುಪಾಲು ಜನ ಸೈನಿಕರಾಗಿರಲಿಲ್ಲ.

ಬ್ರಿಟಿಷರು ಮತ್ತೊಂದು ಹಾದಿ ಹಿಡಿದರು. ಈಜಿಪ್ಟ್ ದಂಡಯಾತ್ರೆಗಾಗಿ 1882ರಲ್ಲಿ ರಾಯಲ್ ಎಂಜಿನಿಯರ್ಸ್‌ನ 8ನೇ ಕಂಪನಿಯನ್ನು ರೈಲ್ವೆ ಕಂಪನಿಯಾಗಿ ಮಾರ್ಪಡಿಸಲಾಯಿತು. ಸುಡಾನ್ ದಂಡಯಾತ್ರೆಯಲ್ಲಿ ಸೇನಾಪತಿ ಕಿಚನರ್ ಕೈಕೆಳಗೆ ಕೆನಡಾದ ಪರ್ಸಿ ಜಿರುವಾರ್ಡ್ 1897ರಲ್ಲಿ ವಾದಿ ಹಲ್ಫಾದಿಂದ ಅಬು ಹಮೀದ್‌ವರೆಗೆ ಸುಮಾರು 230 ಮೈಲಿ ಮರಳುಗಾಡಿನಲ್ಲಿ ಹತ್ತು ತಿಂಗಳಲ್ಲಿ ಹಳಿ ಹಾಸಿದ. ಅದರ ಹೊಗಳಿಕೆಯೆಲ್ಲ ಅಧಿಕಾರಿಗಳ ಪಾಲಾಯಿತು; ಸ್ಲೀಪರ್ ಹೊತ್ತವರು ಈಜಿಪ್ಟಿನ ಸಿಪಾಯಿಗಳು, ಸೆರೆಯಾಳುಗಳು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹ್ಯಾಂಪ್‌ಶೈರಿನ ಲಾಂಗ್‌ಮೂರ್‌ನಲ್ಲಿ ತರಬೇತಿ ಮಾರ್ಗ ಶುರುವಾಗಿ, ಹಳಿ ಕೆಲಸ ಸೇನೆಯಲ್ಲಿ ಕಲಿತು ಬಡ್ತಿ ಪಡೆಯಬಹುದಾದ ಕಸುಬಾಯಿತು. ಆ ಮಾರ್ಗ 1969ರಲ್ಲಿ ಮುಚ್ಚಿತು. ಈಗ ಬ್ರಿಟಿಷ್ ಸೇನೆಯಲ್ಲಿ ಉಳಿದಿರುವ 507ನೇ ರೈಲು ತಜ್ಞ ತಂಡ ಮೀಸಲು ಪಡೆಯದು. ಅದರ ಸದಸ್ಯರು ಸಿವಿಲ್ ರೈಲ್ವೆ ಉದ್ಯಮದಿಂದ ಬಂದವರು.

ಭಾರತೀಯ ಸ್ಯಾಪರ್ಸ್ ಅಂಡ್ ಮೈನರ್ಸ್‌ನ 25 ಮತ್ತು 26ನೇ ರೈಲ್ವೆ ಕಂಪನಿಗಳು ಮೊದಲ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕಕ್ಕೆ ಹೋಗಿ, 1915ರಲ್ಲಿ ವೊಯ್‌ನಿಂದ ಮಕ್ತಾವು ಕಡೆಗೆ ಮಾರ್ಗ ಹಾಕಿದವು. ಯುಗಾಂಡ ರೈಲ್ವೆಯ ಮೇಲೆ ಜರ್ಮನ್ ತುಕಡಿಗಳು ಪದೇಪದೇ ದಾಳಿ ಮಾಡುತ್ತಿದ್ದ ಕಾಲ ಅದು. ಮೆಸೊಪೊಟೇಮಿಯದಲ್ಲಿ ಬಸ್ರಾದಿಂದ ನಾಸಿರಿಯಾಗೆ ಹಾಕಿದ್ದು ಮೀಟರ್‌ಗೇಜ್. ಸಾಮಗ್ರಿ ಬಂದದ್ದು ಭಾರತದಿಂದ. ಕಂಪನಿಗಳ ಚರಿತ್ರೆಗಳಲ್ಲಿ ಈ ಸಿಪಾಯಿಗಳು ಸಂಖ್ಯೆಯಾಗಿ ಕಾಣುತ್ತಾರೆ, ಹೆಸರಾಗಿ ಕಾಣುವುದು ಅಪರೂಪ.

ಎರಡನೆಯ ಮಹಾಯುದ್ಧದ ಬಗ್ಗೆ ಬೇಕಾದಷ್ಟು ಬರೆದಾಗಿದೆ; ಇಲ್ಲಿ ಅದರ ನಂತರದ ಕಾಲವನ್ನು ನೋಡೋಣ. ಚೀನದಲ್ಲಿ 1948ರಲ್ಲಿ ಹುಟ್ಟಿದ ರೈಲ್ವೆ ಸೇನೆ ಕೊರಿಯಾ ಯುದ್ಧದಲ್ಲಿ ಅಮೆರಿಕದ ಬಾಂಬುಗಳಿಗೆ ಸಿಕ್ಕಿದ ಹಳಿಯನ್ನು ರಾತ್ರಿಯ ಹೊತ್ತು ಸರಿಪಡಿಸುತ್ತಿತ್ತು. 1984ರಲ್ಲಿ ಅದನ್ನು ರೈಲ್ವೆ ಸಚಿವಾಲಯಕ್ಕೆ ವರ್ಗಾಯಿಸಲಾಯಿತು. ಇಂದಿನ ಚೀನ ರೈಲ್ವೆ ನಿರ್ಮಾಣ ನಿಗಮದ ಮೂಲ ಅದೇ. ಸೈಬೀರಿಯದ ಬೈಕಲ್–ಅಮೂರ್ ಮಾರ್ಗದ ಪ್ರಚಾರದಲ್ಲಿ ಮೆರೆದವರು ಕಮ್ಯುನಿಸ್ಟ್ ಯುವ ಸಂಘಟನೆಯಾದ ಕೊಮ್ಸೊಮೋಲ್‌ನ ಯುವಕರು. ಪೂರ್ವ ಭಾಗವನ್ನು ಹಾಕಿದ್ದು ಸೋವಿಯತ್ ರೈಲ್ವೆ ಪಡೆ.

ಹತ್ತಿರದ ಕಾಲದಲ್ಲಿ ಹೆಚ್ಚು ವಿವಾದಕ್ಕೊಳಗಾದದ್ದು ಅಬ್ಖಾಜಿಯ ಪ್ರಕರಣ. 2008ರ ಮೇ ಕೊನೆಯಲ್ಲಿ ರಷ್ಯದ ಸುಮಾರು 400 ರೈಲ್ವೆ ಸೈನಿಕರು, ಜಾರ್ಜಿಯ ತನ್ನದೆನ್ನುವ ಆ ಪ್ರದೇಶಕ್ಕೆ ಅದರ ಒಪ್ಪಿಗೆಯಿಲ್ಲದೆ ಬಂದು, ಸುಖುಮಿ–ಒಚಮ್ಚಿರಾ ನಡುವಿನ 54 ಕಿ.ಮೀ. ಹಳಿ ಸರಿಪಡಿಸತೊಡಗಿದರು. ಇದು ಮಾನವೀಯ ನೆರವು ಎಂದಿತು ಮಾಸ್ಕೋ. ದಾಳಿಯ ಸಿದ್ಧತೆ ಎಂದಿತು ಜಾರ್ಜಿಯದ ರಾಜಧಾನಿ ಟಿಬಿಲಿಸಿ. ಜುಲೈ ಕೊನೆಯಲ್ಲಿ ಕೆಲಸ ಮುಗಿಯಿತು, ಆಗಸ್ಟ್ ಮೊದಲ ವಾರ ಕಳೆಯುವಷ್ಟರಲ್ಲಿ ಯುದ್ಧ ಹೊತ್ತಿಕೊಂಡಿತು, ಅದೇ ಮಾರ್ಗದಲ್ಲಿ ರಷ್ಯದ ಸೇನೆ ಸಾಗಿತು. ಉದ್ದೇಶದ ಚರ್ಚೆ ಮುಗಿದಿಲ್ಲವಾದರೂ, ನೆರವೆಂಬ ಮಾತನ್ನು ಆ ಬೇಸಿಗೆಯ ತಾರೀಖುಗಳು ಅಷ್ಟಾಗಿ ಬೆಂಬಲಿಸುವುದಿಲ್ಲ. 2017ರಲ್ಲಿ, ಉಕ್ರೇನ್ ನೆಲವನ್ನು ತಪ್ಪಿಸಿ ಹೋಗುವ ಝುರಾವ್ಕಾ–ಮಿಲ್ಲೆರೊವೊ ಜೋಡಿ ಮಾರ್ಗವನ್ನೂ ಇದೇ ಪಡೆ ಕಟ್ಟಿತು. ಅಮೆರಿಕ ಇದಕ್ಕೆ ವ್ಯತಿರಿಕ್ತ: ಮಿಲ್ವಾಕೀಯ 757ನೇ ರೈಲು ಬೆಟಾಲಿಯನ್ 2015ರಲ್ಲಿ ವಿಸರ್ಜನೆಯಾಯಿತು, ಬದಲಿಗೆ ಸಲಹೆ ಕೊಡುವ ಕೇಂದ್ರ ಬಂದಿತು.

ಸ್ವತಂತ್ರ ಭಾರತ ಹಳಿ ಕೆಲಸಕ್ಕೆ ಟೆರಿಟೋರಿಯಲ್ ಆರ್ಮಿಯನ್ನು ಆರಿಸಿಕೊಂಡಿತು. 1948ರ ಕಾಯಿದೆಯಡಿ, 1949ರಿಂದ, ರೈಲ್ವೆ ನೌಕರರೇ ಅರೆಕಾಲಿಕ ಸೈನಿಕರಾದರು. 1965 ಮತ್ತು 1971ರ ಯುದ್ಧಗಳಲ್ಲಿ ಇವರನ್ನು ಕರೆಸಿಕೊಳ್ಳಲಾಯಿತು. ಬರವಣಿಗೆ ಜಾರಿಕೊಳ್ಳುವುದು 1974ರ ಮೇ ತಿಂಗಳ ಬಗ್ಗೆ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ನೇತೃತ್ವದ ರೈಲ್ವೆ ಮುಷ್ಕರ ಅದು. ಮೇ 8ರಿಂದ 27ರವರೆಗೆ ನಡೆಯಿತು. ರೈಲು ಓಡಿಸಲು ಸರ್ಕಾರ ಈ ಪಡೆಗಳನ್ನು ಕರೆಯಿತು. ಕರೆ ಬಂದ ಕ್ಷಣದಿಂದ ನೌಕರ ಸೇನಾ ಕಾಯಿದೆಗೆ ಒಳಪಡುತ್ತಾನೆ. ಅಂದರೆ ಒಂದೇ ಗ್ಯಾಂಗಿನ ಇಬ್ಬರಲ್ಲಿ ಒಬ್ಬನಿಗೆ ಕೆಲಸ ನಿಲ್ಲಿಸುವುದು ಮುಷ್ಕರ, ಮತ್ತೊಬ್ಬನಿಗೆ ಅದು ಸೇನಾ ಆಜ್ಞೋಲ್ಲಂಘನೆ. ರೆಜಿಮೆಂಟಿನ ಕಡೆಯ ಬರಹಗಳು ಇದನ್ನು ಯುದ್ಧಸೇವೆಯ ಸಾಲಿಗೇ ಸೇರಿಸುತ್ತವೆ, ಕಾರ್ಮಿಕ ಚಳವಳಿಯ ಬರಹಗಳು ಮುಷ್ಕರ ಮುರಿದ ಕೈ ಎನ್ನುತ್ತವೆ. ಎರಡನ್ನೂ ಜೊತೆಗಿಟ್ಟು ಓದಬೇಕು. ಅದೇ ಫರ್ನಾಂಡಿಸ್ ಮುಂದೆ ರೈಲ್ವೆ ಮಂತ್ರಿಯೂ ರಕ್ಷಣಾ ಮಂತ್ರಿಯೂ ಆದರು.

ಜಮಾಲ್‌ಪುರ, ಝಾನ್ಸಿ, ಕೋಟಾ, ಆದ್ರಾ, ಚಂಡೀಗಢ, ಸಿಕಂದರಾಬಾದ್‌ಗಳಲ್ಲಿ ಇಂಥ ಆರು ರೈಲ್ವೆ ಎಂಜಿನಿಯರ್ ರೆಜಿಮೆಂಟುಗಳಿದ್ದವು. ಇತ್ತೀಚಿನ ವರ್ಷಗಳಲ್ಲಿ ಐದನ್ನು ವಿಸರ್ಜಿಸಲು ಸರ್ಕಾರ ತೀರ್ಮಾನಿಸಿತು. ಜಮಾಲ್‌ಪುರದ ರೆಜಿಮೆಂಟನ್ನು ಮಾತ್ರ ನ್ಯೂ ಜಲ್ಪೈಗುಡಿಯಿಂದ ಅಸ್ಸಾಮಿನ ರಂಗಿಯಾವರೆಗಿನ ಮಾರ್ಗಕ್ಕಾಗಿ ಉಳಿಸಿಕೊಳ್ಳಲಾಗಿದೆ.